ಸ್ನೇಕ್ ಪ್ಲಾಂಟ್: ಬುಡ ಕೊಳೆಯುವುದೇಕೆ, ರಾತ್ರಿ ಆಮ್ಲಜನಕದ ಮಾತು ಎಷ್ಟು ನಿಜ?

ಪ್ರಶ್ನೆ: ಬೆಂಗಳೂರಿನ ನಮ್ಮ ಫ್ಲಾಟಿನ ಮಲಗುವ ಕೋಣೆಯಲ್ಲಿ ಹಳದಿ ಅಂಚಿನ ಸ್ನೇಕ್ ಪ್ಲಾಂಟ್ ಇದೆ. ರಾತ್ರಿಯೆಲ್ಲ ಆಮ್ಲಜನಕ ಬಿಡುತ್ತದೆ ಎಂದು ಹೇಳಿ ನರ್ಸರಿಯವರು ಕೊಟ್ಟಿದ್ದು. ಈ ಮಳೆಗಾಲದಲ್ಲಿ ಎರಡು ಎಲೆ ಬುಡದಲ್ಲಿ ಮೆತ್ತಗಾಗಿ ವಾಲಿ ಬಿದ್ದವು. ವಾರಕ್ಕೊಮ್ಮೆ ಮಾತ್ರ ನೀರು ಹಾಕುತ್ತೇನೆ. ಗಿಡ ಉಳಿಯುತ್ತದೆಯೇ? ಹಿಂದೊಮ್ಮೆ ಎಲೆ ತುಂಡು ಮಾಡಿ ನೆಟ್ಟಾಗ ಬಂದ ಮರಿಗಳಿಗೆ ಹಳದಿ ಅಂಚೇ ಇರಲಿಲ್ಲ, ಯಾಕೆ? ಇದೇ ಆಯುರ್ವೇದದ ಮೂರ್ವಾ ಎಂಬ ಮೂಲಿಕೆ ಎನ್ನುತ್ತಾರೆ, ಹೌದೇ? ಮನೆಯಲ್ಲಿ ಬೆಕ್ಕು ಬೇರೆ ಇದೆ.

ಉತ್ತರ: ಮೊದಲು ಗಿಡ ಉಳಿಸಿಕೊಳ್ಳೋಣ, ಮಿಕ್ಕ ಮಾತು ಆಮೇಲೆ. ಬುಡ ಮೆತ್ತಗಾಗಿದೆ ಎಂದರೆ ಕೊಳೆ ಆಗಲೇ ಮಣ್ಣಿನೊಳಗಿನ ಗೆಡ್ಡೆಗೆ ತಾಗಿರಬಹುದು. ‘ನೀರು ನಿಲ್ಲಿಸಿ ನೋಡೋಣ’ ಎಂದು ಕಾಯಬೇಡಿ, ಇವತ್ತೇ ಕುಂಡದಿಂದ ಹೊರಗೆ ತೆಗೆಯಿರಿ. ಎಲೆ ಹಿಡಿದು ಎಳೆದರೆ ಬುಡದಲ್ಲೇ ಕಿತ್ತು ಬರುತ್ತದೆ. ಕುಂಡವನ್ನು ಅಡ್ಡ ಮಲಗಿಸಿ, ಪಕ್ಕಗಳನ್ನು ತಟ್ಟಿ, ಮಣ್ಣಿನ ಉಂಡೆಯ ಸಮೇತ ಜಾರಿಸಿ ತೆಗೆಯಿರಿ. ಮಣ್ಣನ್ನು ಬೆರಳಲ್ಲಿ ಬಿಡಿಸಿ, ಅಂಟಿಕೊಂಡಿದ್ದರೆ ನಲ್ಲಿಯ ಕೆಳಗೆ ತೊಳೆಯಿರಿ.

ಈಗ ಅಡ್ಡಡ್ಡ ಹರಿದಿರುವ, ಹೆಬ್ಬೆರಳ ಗಾತ್ರದ, ಕಿತ್ತಳೆ ಛಾಯೆಯ ಕಾಂಡ ಕಾಣುತ್ತದೆ. ಅರಿಸಿನ, ಶುಂಠಿಗಳಂತೆ ಇದೂ ನೆಲದೊಳಗಿನ ಕಾಂಡವೇ. ಒತ್ತಿ ನೋಡಿ. ಆರೋಗ್ಯವಾಗಿದ್ದರೆ ಗಟ್ಟಿಯಾಗಿರುತ್ತದೆ, ಕೊಯ್ದರೆ ಒಳಗೆ ಕೆನೆ ಬಣ್ಣ. ಕೊಳೆತಿದ್ದರೆ ಒತ್ತಿದಲ್ಲಿ ಕುಸಿದು ಕಂದು ನೀರು ಒಸರುತ್ತದೆ. ಕೆಟ್ಟ ವಾಸನೆ ಜೋರಾಗಿದ್ದರೆ ಬ್ಯಾಕ್ಟೀರಿಯಾದ ಮೆತ್ತನೆ ಕೊಳೆ ಸೇರಿದೆ ಎಂದು ಲೆಕ್ಕ. ಚಾಕುವನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಕಂದು ಕಲೆ ಪೂರ್ತಿ ಮಾಯವಾಗುವವರೆಗೂ ಕೊಯ್ಯುತ್ತಾ ಹೋಗಿ. ಪ್ರತಿ ಕೊಯ್ತಕ್ಕೂ ಚಾಕು ಮತ್ತೆ ಒರೆಸಬೇಕು, ಇಲ್ಲವಾದರೆ ರೋಗವನ್ನು ನೀವೇ ಹಚ್ಚಿದಂತಾಗುತ್ತದೆ. ಹೆಚ್ಚಿನವರು ಸೋಲುವುದು ಇಲ್ಲೇ. ಕರುಣೆಯಿಂದ ಒಂದಿಷ್ಟು ಕಂದು ಭಾಗ ಉಳಿಸುತ್ತಾರೆ, ಮೂರು ವಾರಕ್ಕೆ ಉಳಿದದ್ದೂ ಹೋಗುತ್ತದೆ.

ಕೊಯ್ದ ಗಿಡವನ್ನು ನೆರಳಿನಲ್ಲಿ, ಗಾಳಿಯಾಡುವಲ್ಲಿ, ಬರೀ ನೆಲದ ಮೇಲೆ ಮೂರು ನಾಲ್ಕು ದಿನ ಬಿಡಿ. ಮಳೆಗಾಲವಾದ್ದರಿಂದ ಐದು ದಿನವಾದರೂ ತೊಂದರೆಯಿಲ್ಲ. ಗಾಯ ಒಣಗಿ ಚರ್ಮ ಕಟ್ಟಬೇಕು, ಮುಟ್ಟಿದರೆ ಬೆರಳಿಗೆ ತೇವ ತಾಗಬಾರದು. ಗಾಯಕ್ಕೆ ಅರಿಸಿನ ಅಥವಾ ದಾಲ್ಚಿನ್ನಿ ಪುಡಿ ಹಚ್ಚುವವರಿದ್ದಾರೆ. ಹಚ್ಚಿದರೆ ಕೆಡುಕೇನಿಲ್ಲ, ಆದರೆ ಕೆಲಸ ಮಾಡುವುದು ಒಣಗಿಸುವಿಕೆಯೇ. ಔಷಧಿ ಬೇಕೇಬೇಕು ಎನಿಸಿದರೆ ತಾಮ್ರದ ಆಕ್ಸಿಕ್ಲೋರೈಡ್ ಪುಡಿಯನ್ನು ಲೀಟರ್ ನೀರಿಗೆ 3 ಗ್ರಾಂ ಬೆರೆಸಿ, ಕೊಯ್ದ ಭಾಗವನ್ನು ಹತ್ತು ನಿಮಿಷ ಅದ್ದಿ, ಆಮೇಲೆ ಒಣಗಲು ಇಡಿ. ಕೈಗವಸು ಹಾಕಿಕೊಳ್ಳಿ. ಹಳೆಯ ಮಣ್ಣನ್ನು ಬೇರೆ ಕುಂಡಗಳಿಗೆ ಹಂಚಬೇಡಿ.

ಹೊಸ ಮಣ್ಣು ಹೀಗಿರಲಿ: ಕೆಂಪು ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಎರೆಗೊಬ್ಬರ ಅಥವಾ ಎಲೆಗೊಬ್ಬರ ಒಂದು ಪಾಲು, ದಪ್ಪ ಮರಳು ಅಥವಾ ಇಟ್ಟಿಗೆ ಚೂರು ಎರಡು ಪಾಲು. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಬಳಸುವುದಾದರೆ ತೊಳೆದು ನುಣುಪು ಪುಡಿ ತೆಗೆದುಬಿಡಿ, ಆ ಪುಡಿ ನೆನೆದರೆ ಸಿಮೆಂಟಿನಂತೆ ಕಟ್ಟಿಕೊಳ್ಳುತ್ತದೆ. ಕುಂಡ ಗೆಡ್ಡೆಗಿಂತ ಸುತ್ತಲೂ ಎರಡು ಮೂರು ಸೆಂಟಿಮೀಟರ್ ಮಾತ್ರ ದೊಡ್ಡದಿರಲಿ. ಬೇರು ಮೇಲ್ಪದರದಲ್ಲೇ ಹರಡುವುದರಿಂದ ಆಳವಾದ ಕುಂಡದ ತಳದಲ್ಲಿ ಬೇರಿಲ್ಲದ ಒದ್ದೆ ಮಣ್ಣು ವಾರಗಟ್ಟಲೆ ಹಾಗೇ ಕೂತಿರುತ್ತದೆ. ಮಣ್ಣಿನ ಕುಂಡ ಒಳ್ಳೆಯದು. ತಳದಲ್ಲಿ ತೂತಿಲ್ಲದ ಸೆರಾಮಿಕ್ ಕುಂಡ ಎಷ್ಟೇ ಚೆಂದ ಇದ್ದರೂ ಅದರಲ್ಲಿ ನೇರ ನೆಡಬೇಡಿ. ಗೆಡ್ಡೆ ಮುಚ್ಚುವಷ್ಟು ನೆಟ್ಟರೆ ಸಾಕು, ಎಲೆಯ ಬುಡ ಹೂಳಬಾರದು. ಗಿಡ ವಾಲಿದರೆ ಕಡ್ಡಿ ಕೊಟ್ಟು ಕಟ್ಟಿ. ನೆಟ್ಟ ಮೇಲೆ ಹತ್ತು ದಿನ ನೀರು ಮುಟ್ಟಿಸಬೇಡಿ.

ಈಗ ನಿಮ್ಮ ‘ವಾರಕ್ಕೊಮ್ಮೆ ಮಾತ್ರ’ ಎಂಬ ಮಾತಿಗೆ ಬರೋಣ. ತುಳಸಿಗೆ, ದಾಸವಾಳಕ್ಕೆ ಅದು ಕಡಿಮೆ, ಇದಕ್ಕೆ ವಿಪರೀತ. ಕಾರಣ ಎಲೆಯ ಉಸಿರಾಟದ ರಂಧ್ರಗಳಲ್ಲಿದೆ. ಸಾಮಾನ್ಯ ಗಿಡಗಳು ಹಗಲು ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಳ್ಳುತ್ತವೆ, ಆ ಹೊತ್ತಿಗೆ ಬಿಸಿಲಿನ ಝಳಕ್ಕೆ ನೀರೂ ಆವಿಯಾಗಿ ಹೋಗುತ್ತದೆ. ಸ್ನೇಕ್ ಪ್ಲಾಂಟ್ ಹಗಲು ಬಾಗಿಲು ಮುಚ್ಚಿ, ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ. ಒಳಬಂದ ಇಂಗಾಲವನ್ನು ಮ್ಯಾಲಿಕ್ ಆಮ್ಲವಾಗಿಸಿ ಕೋಶಗಳಲ್ಲಿ ಕೂಡಿಡುತ್ತದೆ, ಬೆಳಗಾದ ಮೇಲೆ ಬಾಗಿಲು ಮುಚ್ಚಿಕೊಂಡು ಆ ಆಮ್ಲವನ್ನು ಒಡೆದು ಸಕ್ಕರೆ ಮಾಡಿಕೊಳ್ಳುತ್ತದೆ. ಹೀಗಾಗಿ ಎಲೆಯ ರಸ ಬೆಳಗಿನ ಜಾವ ಹುಳಿಯಾಗಿದ್ದು ಸಂಜೆಗೆ ಹುಳಿ ಇಳಿದಿರುತ್ತದೆ. ಅನಾನಸ್, ಕತ್ತಾಳೆ, ಪಾಪಾಸುಕಳ್ಳಿಗಳದ್ದೂ ಇದೇ ಕ್ರಮ. ಲಾಭ ನೀರಿನ ಉಳಿತಾಯ, ನಷ್ಟ ಬೆಳವಣಿಗೆಯ ನಿಧಾನ. ಗಿಡ ನೀರನ್ನೇ ಎಳೆದುಕೊಳ್ಳದಿದ್ದಾಗ ನೀವು ಹಾಕಿದ್ದು ಎಲ್ಲಿಗೆ ಹೋಗಬೇಕು? ಮಳೆಗಾಲದಲ್ಲಿ ಗಾಳಿಯಲ್ಲೇ ತೇವ ತುಂಬಿರುವಾಗ ಮಣ್ಣಿನಿಂದ ಆವಿಯಾಗುವುದೂ ಕಡಿಮೆ. ಮಣ್ಣಿನ ಕಣಗಳ ನಡುವಿನ ಗಾಳಿಯ ಜಾಗದಲ್ಲೆಲ್ಲ ನೀರು ನಿಂತು ಬೇರಿಗೆ ಉಸಿರುಕಟ್ಟುತ್ತದೆ, ಸತ್ತ ಬೇರಿಗೆ ಪಿಥಿಯಂ, ಫ್ಯುಸೇರಿಯಂ ತರಹದ ಕೊಳೆರೋಗಾಣುಗಳು ಬಂದು ಕೂರುತ್ತವೆ.

ಇನ್ನೊಂದು ಕಳ್ಳ ಇದೆ. ನರ್ಸರಿಯಿಂದ ಬಂದ ಗಿಡದ ನಡುವೆ ಕೋಕೋಪೀಟಿನ, ಅಂದರೆ ತೆಂಗಿನ ನಾರಿನ ಪುಡಿಯ, ಗಟ್ಟಿ ಉಂಡೆಯೊಂದು ಇರುತ್ತದೆ. ಅದನ್ನು ಹಾಗೇ ಇಟ್ಟು ಸುತ್ತ ಹೊಸ ಮಣ್ಣು ತುಂಬಿದರೆ ಹೊರಗಿನ ಮಣ್ಣು ಒಣಗಿ ಬಿರುಕು ಬಿಟ್ಟಿರುವಾಗಲೂ ಒಳಗಿನ ಉಂಡೆ ಒದ್ದೆ ಸ್ಪಂಜಿನಂತೆ ಇರುತ್ತದೆ. ಮೇಲೆ ಬೆರಳಿಟ್ಟು ‘ಒಣಗಿದೆ’ ಎಂದು ಮತ್ತೆ ನೀರು ಹಾಕುತ್ತೀರಿ. ತಂದ ಗಿಡದ ಆ ಉಂಡೆಯನ್ನು ಬಿಡಿಸಿಯೇ ನೆಡಬೇಕು.

ನೀರಿಗೆ ಕ್ಯಾಲೆಂಡರ್ ನೋಡಬೇಡಿ. ಊದುಬತ್ತಿಯ ಕಡ್ಡಿಯನ್ನೋ ಬಿದಿರಿನ ಕಡ್ಡಿಯನ್ನೋ ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ತುದಿಯಲ್ಲಿ ಮಣ್ಣು ಅಂಟಿದ್ದರೆ, ಬಣ್ಣ ಗಾಢವಾಗಿದ್ದರೆ ಬೇಡ. ಪೂರ್ತಿ ಒಣಗಿದ್ದರೆ ತಳದ ತೂತಿನಿಂದ ಹರಿಯುವವರೆಗೆ ಒಮ್ಮೆಗೇ ಕೊಡಿ, ತಟ್ಟೆಯಲ್ಲಿ ನಿಂತದ್ದನ್ನು ಅರ್ಧ ಗಂಟೆಯಲ್ಲಿ ಚೆಲ್ಲಿ. ದಿನಾ ಒಂದು ಲೋಟ ಎಂಬ ಲೆಕ್ಕ ಬೇಡ. ಬೆಂಗಳೂರಿನ ಮನೆಯೊಳಗೆ ಮಾರ್ಚ್‌ನಿಂದ ಮೇವರೆಗೆ ಎರಡು ವಾರಕ್ಕೊಮ್ಮೆ, ಉಳಿದ ಕಾಲದಲ್ಲಿ ಮೂರರಿಂದ ಐದು ವಾರಕ್ಕೊಮ್ಮೆ ಬಂದರೆ ಸರಿಯಾಗಿದೆ ಎನ್ನಬಹುದು. ಮಂಗಳೂರು, ಕಾರವಾರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಿಡವನ್ನು ಸೂರಿನೊಳಗೆ ತಂದು, ಬಹುಪಾಲು ನೀರನ್ನೇ ಮರೆತುಬಿಡಬಹುದು. ಕಲಬುರಗಿಯ ಬೇಸಿಗೆಯಲ್ಲಿ ಬಾಲ್ಕನಿಯ ಕುಂಡಕ್ಕೆ ವಾರಕ್ಕೊಮ್ಮೆ ಬೇಕಾದೀತು. ಎಲೆಗಳು ಕೂಡುವ ನಡುಗುಳಿಯಲ್ಲಿ ಮಾತ್ರ ಎಂದೂ ನೀರು ನಿಲ್ಲಬಾರದು. ಗೂಡಿನಂತೆ ಕೂತಿರುವ ಕುಳ್ಳ ‘ಹಾನಿ’ (Hahnii) ತಳಿಯಲ್ಲಿ ಇದು ಇನ್ನೂ ಮುಖ್ಯ. 1939ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಕಾಣಿಸಿಕೊಂಡ ಆ ತಳಿಯ ಎಲೆಗಳು ಬಟ್ಟಲಿನ ಆಕಾರದಲ್ಲಿರುವುದರಿಂದ ನೀರು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಎಲೆ ಉದ್ದುದ್ದಕ್ಕೆ ಸುಕ್ಕುಗಟ್ಟಿದರೆ ಬಾಯಾರಿಕೆ ಎಂದು ಓಡಿಹೋಗಿ ನೀರು ಹಾಕಬೇಡಿ. ಬೇರು ಕೊಳೆತಾಗಲೂ ಎಲೆಗೆ ನೀರು ತಲುಪದೆ ಅದೇ ಸುಕ್ಕು ಬರುತ್ತದೆ. ಮಣ್ಣು ಒಣಗಿದ್ದು ಸುಕ್ಕು ಬಂದರೆ ಬಾಯಾರಿಕೆ, ಒದ್ದೆಯಿದ್ದು ಸುಕ್ಕು ಬಂದರೆ ಕೊಳೆ.

ಬೆಳಕಿನ ವಿಷಯದಲ್ಲೂ ಒಂದು ಅರ್ಧಸತ್ಯ ಓಡಾಡುತ್ತಿದೆ. ‘ಕತ್ತಲಲ್ಲೂ ಬೆಳೆಯುತ್ತದೆ’ ಎನ್ನುತ್ತಾರಲ್ಲ, ಅದು ಬೆಳೆಯುವುದಲ್ಲ, ಕೂಡಿಟ್ಟದ್ದನ್ನು ತಿಂದುಕೊಂಡು ಜೀವ ಹಿಡಿದಿರುವುದು. ಪೂರ್ವದ ಕಿಟಕಿಯ ಪಕ್ಕ, ಬೆಳಗಿನ ಒಂದೆರಡು ತಾಸು ಎಳೆಬಿಸಿಲು ಬೀಳುವಲ್ಲಿ ಇಟ್ಟರೆ ಎಲೆ ನೆಟ್ಟಗೆ, ಪಟ್ಟೆ ಸ್ಪಷ್ಟವಾಗಿ ಬರುತ್ತದೆ. ಒಳಮನೆಯ ಮೂಲೆಯಲ್ಲಿದ್ದ ಗಿಡವನ್ನು ಒಮ್ಮೆಗೇ ಮಹಡಿಯ ಬಿಸಿಲಿಗೆ ಒಯ್ದರೆ ಬಿಳಿಚಿದ ಸುಟ್ಟ ಮಚ್ಚೆಗಳಾಗುತ್ತವೆ, ಅವು ಮತ್ತೆ ಹಸಿರಾಗುವುದಿಲ್ಲ. ಎರಡು ವಾರ ಹಿಡಿದು ಸ್ವಲ್ಪ ಸ್ವಲ್ಪವೇ ಸರಿಸಿ. ವಾಸ್ತು ಪ್ರಕಾರ ಯಾವ ದಿಕ್ಕು ಎಂದು ಕೇಳುವವರಿಗೆ ಹೇಳುವುದಿಷ್ಟೇ, ಗಿಡಕ್ಕೆ ಗೊತ್ತಿರುವುದು ಕಿಟಕಿಯ ದಿಕ್ಕು ಮಾತ್ರ. ಗೊಬ್ಬರ ಹೆಚ್ಚು ಬೇಡ: ಫೆಬ್ರವರಿಯಿಂದ ಸೆಪ್ಟೆಂಬರ್‌ವರೆಗೆ ಎರಡು ತಿಂಗಳಿಗೊಮ್ಮೆ 19:19:19 ಪುಡಿ (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನ ಗೊಬ್ಬರ) ಲೀಟರಿಗೆ 1 ಗ್ರಾಂ ಸಾಕು, ನಿಮ್ಮ ಗಿಡಕ್ಕಂತೂ ಹೊಸ ಎಲೆ ಬರುವವರೆಗೆ ಅದೂ ಬೇಡ. ಎಲೆಗೆ ಹೊಳಪು ಬರಲೆಂದು ಹಾಲು, ಕೊಬ್ಬರಿ ಎಣ್ಣೆ ಸವರಬೇಡಿ, ಒದ್ದೆ ಬಟ್ಟೆಯಲ್ಲಿ ದೂಳು ಒರೆಸಿದರೆ ಆಯಿತು. ಒರೆಸುವಾಗ ಎಲೆ ಎಲೆಯ ಸಂದಿಯಲ್ಲಿ ಹತ್ತಿಯಂತಹ ಬಿಳಿ ಮುದ್ದೆ ಕಂಡರೆ ಅದು ಹಿಟ್ಟು ತಿಗಣೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ವಾರ ಬಿಟ್ಟು ಮತ್ತೆ ನೋಡಿ, ಮರಿಗಳು ತಡವಾಗಿ ಹೊರಬರುತ್ತವೆ.

ಇನ್ನು ರಾತ್ರಿ ಆಮ್ಲಜನಕ. ರಾತ್ರಿ ಪತ್ರರಂಧ್ರ ತೆರೆಯುತ್ತದೆ ಎಂಬ ನಿಜವನ್ನು ಯಾರೋ ‘ರಾತ್ರಿ ಆಮ್ಲಜನಕ ಕೊಡುತ್ತದೆ’ ಎಂದು ತಿರುಗಿಸಿದ್ದಾರೆ. ಆಮ್ಲಜನಕ ಹುಟ್ಟುವುದು ನೀರಿನ ಅಣು ಒಡೆದಾಗ, ಅದು ಒಡೆಯುವುದಕ್ಕೆ ಬೆಳಕು ಬೇಕು. ಕತ್ತಲಲ್ಲಿ ಹೊಸದಾಗಿ ಒಂದು ಹನಿಯಷ್ಟೂ ತಯಾರಾಗುವುದಿಲ್ಲ. ಬದಲಿಗೆ ಗಿಡವೂ ನಮ್ಮಂತೆ ಉಸಿರಾಡಿ ಒಂದಿಷ್ಟು ಬಳಸಿಕೊಳ್ಳುತ್ತದೆ. ಆ ಬಳಕೆ ತೀರ ಕಡಿಮೆ, ಹಾಗಾಗಿ ಕೋಣೆಯಲ್ಲಿ ಗಿಡ ಇಟ್ಟರೆ ಅಪಾಯ ಎಂಬ ಹಳೆಯ ಭಯಕ್ಕೂ ಅರ್ಥವಿಲ್ಲ.

ಹಗಲಿನ ಉತ್ಪಾದನೆಯಾದರೂ ಎಷ್ಟು? ಲೆಕ್ಕ ಹಾಕಿ ನೋಡಬಹುದು. ಸುಮ್ಮನೆ ಮಲಗಿರುವ ವಯಸ್ಕರೊಬ್ಬರಿಗೆ ನಿಮಿಷಕ್ಕೆ ಸುಮಾರು 250 ಮಿಲಿಲೀಟರ್ ಆಮ್ಲಜನಕ ಬೇಕು, ಎಂಟು ಗಂಟೆಗೆ 120 ಲೀಟರ್. ದ್ಯುತಿಸಂಶ್ಲೇಷಣೆಯಲ್ಲಿ 30 ಗ್ರಾಂ ಸಕ್ಕರೆ ತಯಾರಾದರೆ ಹೊರಬರುವ ಆಮ್ಲಜನಕ ಸುಮಾರು 24 ಲೀಟರ್. ಅಂದರೆ 120 ಲೀಟರಿಗೆ 150 ಗ್ರಾಂ ಸಕ್ಕರೆ. ಎಲೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ ಎಂದಿಟ್ಟುಕೊಂಡರೆ, ನಿಮ್ಮೊಬ್ಬರ ಒಂದು ರಾತ್ರಿಯ ಉಸಿರಿಗೆ ಆ ಗಿಡ ದಿನಕ್ಕೆ ಒಂದೂವರೆ ಕಿಲೋ ತೂಕ ಹೆಚ್ಚಿಸಿಕೊಳ್ಳಬೇಕು! ನಿಮ್ಮ ಗಿಡ ವರ್ಷಕ್ಕೆ ನಾಲ್ಕೈದು ಎಲೆ ಬಿಟ್ಟರೆ ಹೆಚ್ಚು. ನಿಮ್ಮ ಕೋಣೆಯ ಆಮ್ಲಜನಕ ಬರುತ್ತಿರುವುದು ಕಿಟಕಿ, ಬಾಗಿಲ ಸಂದಿಗಳಿಂದ.

ಗಾಳಿ ಶುದ್ಧಿಯ ಕತೆಯ ಮೂಲ 1989ರ ನಾಸಾ ಅಧ್ಯಯನ. ಅದು ಸುಳ್ಳಲ್ಲ, ಆದರೆ ನಡೆದದ್ದು ಗಾಳಿ ಆಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಬೆಂಜೀನ್, ಫಾರ್ಮಾಲ್ಡಿಹೈಡ್‌ನಂತಹ ಅನಿಲ ತುಂಬಿ ಎಷ್ಟು ಇಳಿಯಿತೆಂದು ಅಳೆದಿದ್ದರು. ಮನೆಯಲ್ಲಿ ಗಾಳಿ ಸದಾ ಒಳಗೆ ಹೊರಗೆ ಆಡುತ್ತಿರುತ್ತದೆ. ಇಂತಹ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ 2019ರಲ್ಲಿ ಪ್ರಕಟವಾದ ವಿಮರ್ಶೆಯೊಂದು, ಕಟ್ಟಡದ ಸಹಜ ಗಾಳಿಯಾಟಕ್ಕೆ ಸರಿಗಟ್ಟಲು ಚದರ ಮೀಟರಿಗೆ 10ರಿಂದ 1000 ಗಿಡ ಬೇಕೆಂದು ತೋರಿಸಿತು. ಕನಿಷ್ಠ ಲೆಕ್ಕವನ್ನೇ ಹಿಡಿದರೂ 10 ಅಡಿಗೆ 10 ಅಡಿ ಕೋಣೆಗೆ ತೊಂಬತ್ತಕ್ಕೂ ಹೆಚ್ಚು ಕುಂಡ. ಮಲಗುವುದೆಲ್ಲಿ? ಚೆಂದಕ್ಕೆ ಇಡಿ, ಹೆಚ್ಚು ಆರೈಕೆ ಬೇಡವೆಂದು ಇಡಿ. ಅದೇ ಸಾಕಷ್ಟು ಒಳ್ಳೆಯ ಕಾರಣ.

ಹಳದಿ ಅಂಚು ಮಾಯವಾದದ್ದು ರೋಗವೂ ಅಲ್ಲ, ನಿಮ್ಮ ತಪ್ಪೂ ಅಲ್ಲ. ನಿಮ್ಮದು ‘ಲಾರೆಂಟಿ’ ತಳಿ. ಅದರ ಬೆಳೆಯುವ ತುದಿಯಲ್ಲಿ ಎರಡು ಬಗೆಯ ಕೋಶಪದರಗಳು ಒಂದರೊಳಗೊಂದು ಸೇರಿಕೊಂಡಿವೆ, ಒಂದು ಹಸಿರು ಮಾಡಬಲ್ಲದು, ಇನ್ನೊಂದು ಮಾಡಲಾರದ್ದು. ಅಂಚಿನ ಹಳದಿ ಆ ಎರಡನೆಯದರ ಸಂತತಿ. ಗೆಡ್ಡೆಯಿಂದ ಮರಿ ಎದ್ದಾಗ ತುದಿಮೊಗ್ಗಿನ ಎರಡೂ ಪದರ ಸೇರಿಯೇ ಬರುವುದರಿಂದ ಅಂಚು ಉಳಿಯುತ್ತದೆ. ಎಲೆ ತುಂಡಿನಿಂದ ಹುಟ್ಟುವ ಮರಿ ಮಾತ್ರ ಒಳಗಿನ ಹಸಿರು ಕೋಶಗಳಿಂದ ಹೊಸದಾಗಿ ಮೊಳೆಯುತ್ತದೆ, ಹಾಗಾಗಿ ಬರೀ ಹಸಿರು ಪಟ್ಟೆಯ ಗಿಡ ಬರುತ್ತದೆ. ಬಣ್ಣದ ತಳಿಗಳನ್ನು ಗೆಡ್ಡೆ ಬಿಡಿಸಿಯೇ ಹೆಚ್ಚಿಸಬೇಕು. ಮರಿಗೆ ಎರಡು ಮೂರು ಎಲೆ, ಸ್ವಂತ ಬೇರು ಬಂದ ಮೇಲೆ ತಾಯಿಯೊಂದಿಗಿನ ಕೊಂಡಿ ಕೊಯ್ದು, ಎರಡು ದಿನ ಒಣಗಿಸಿ ನೆಡಿ. ನೀವು ಈಗ ಕೊಳೆ ಕೊಯ್ದ ಮೇಲೆ ಗಟ್ಟಿ ಗೆಡ್ಡೆಯ ಬೆರಳುದ್ದದ ತುಂಡು ಉಳಿದರೂ, ಎಲೆಯಿಲ್ಲದಿದ್ದರೂ, ಎಸೆಯಬೇಡಿ. ಅದರಿಂದ ಬರುವ ಮರಿಗೆ ಹಳದಿ ಅಂಚು ಇರುವ ಸಾಧ್ಯತೆಯೇ ಹೆಚ್ಚು.

ವಾಲಿದ ಎಲೆಗಳ ಮೇಲ್ಭಾಗ ಗಟ್ಟಿಯಾಗಿದ್ದರೆ ಅದನ್ನೂ ಬಳಸಬಹುದು, ಹಸಿರು ಗಿಡವಾದರೂ ಪರವಾಗಿಲ್ಲ ಎಂದಿದ್ದರೆ. 8ರಿಂದ 10 ಸೆಂಟಿಮೀಟರಿನ ತುಂಡು ಮಾಡಿ, ಬುಡದ ಕಡೆ ಬಾಣದ ತುದಿಯಂತೆ ಓರೆ ಕೊಯ್ಯಿರಿ. ಇದು ಅಲಂಕಾರಕ್ಕಲ್ಲ, ಮೇಲೆ ಕೆಳಗೆ ಗುರುತಿಸುವುದಕ್ಕೆ. ತಲೆಕೆಳಗಾಗಿ ನೆಟ್ಟ ತುಂಡು ಬೇರು ಬಿಡದೆ ಹಾಗೇ ಒಣಗುತ್ತದೆ. ಮೂರು ದಿನ ಒಣಗಿಸಿ, ಬರೀ ದಪ್ಪ ಮರಳಿನಲ್ಲಿ ಎರಡು ಸೆಂಟಿಮೀಟರ್ ಆಳಕ್ಕೆ ಊರಿ, ಮರಳು ಒಣಗಿದಾಗಷ್ಟೇ ತುಸು ಚಿಮುಕಿಸಿ. ಬೇರಿಗೆ ಒಂದರಿಂದ ಒಂದೂವರೆ ತಿಂಗಳು, ಮರಿ ಮೇಲೆ ಬರಲು ಮೂರು ನಾಲ್ಕು ತಿಂಗಳು. ಕಿತ್ತು ಕಿತ್ತು ನೋಡಿದರೆ ಇನ್ನೂ ತಡ. ನೀರಿನ ಲೋಟದಲ್ಲಿ ಇಡುವುದಾದರೆ ತಳದ ಎರಡು ಸೆಂಟಿಮೀಟರ್ ಮಾತ್ರ ಮುಳುಗಲಿ, ವಾರಕ್ಕೊಮ್ಮೆ ನೀರು ಬದಲಿಸಿ.

ಹೂವಿನ ಬಗ್ಗೆಯೂ ಒಂದು ಮಾತು. ಕುಂಡ ಬಿಗಿಯಾಗಿ, ಬೆಳಕು ಚೆನ್ನಾಗಿದ್ದರೆ ಕೆಲವೊಮ್ಮೆ ತಿಳಿಹಸಿರು ಮಿಶ್ರಿತ ಬಿಳಿ ಹೂವಿನ ಕಡ್ಡಿ ಎದ್ದು, ಸಂಜೆ ಅರಳಿ ಪರಿಮಳ ಬೀರುತ್ತದೆ. ಹೂತೊಟ್ಟಿನ ಬಳಿ ಅಂಟುಅಂಟಾದ ಸಿಹಿ ಹನಿ ಕೂತಿರುತ್ತದೆ. ತುದಿಮೊಗ್ಗೇ ಹೂವಾಗುವುದರಿಂದ ಆ ಗೊಂಚಲಿನಲ್ಲಿ ಮುಂದೆ ಹೊಸ ಎಲೆ ಬರುವುದಿಲ್ಲ, ಪಕ್ಕದ ಮರಿಗಳು ಬೆಳೆಯುತ್ತವೆ. ಹೆದರಬೇಕಿಲ್ಲ.

ಮೂರ್ವಾ ವಿಚಾರದಲ್ಲಿ ಎಚ್ಚರ ಬೇಕು. ನಿಮ್ಮ ಮನೆಯ ಗಿಡದ ತವರು ಪಶ್ಚಿಮ ಆಫ್ರಿಕಾ, ನೈಜೀರಿಯಾದಿಂದ ಕಾಂಗೋವರೆಗೆ. ಅದಕ್ಕೆ ಸಾನ್ಸವೀರಿಯಾ ಟ್ರೈಫ್ಯಾಸಿಯೇಟಾ ಎಂಬ ಹೆಸರು ಕೊಟ್ಟವರು ಕಲ್ಕತ್ತಾದ ಸಸ್ಯೋದ್ಯಾನದ ಮುಖ್ಯಸ್ಥರಾಗಿದ್ದ ಡೇವಿಡ್ ಪ್ರೇನ್, 1903ರಲ್ಲಿ. ಡಿಎನ್ಎ ಆಧಾರದ ಮೇಲೆ ಈ ಇಡೀ ಕುಲವನ್ನು ಡ್ರಸೀನಾ ಎಂಬ ಇನ್ನೊಂದು ಕುಲದೊಳಗೆ ಸೇರಿಸಿದ್ದರಿಂದ 2017ರಿಂದ ಅದು ಡ್ರಸೀನಾ ಟ್ರೈಫ್ಯಾಸಿಯೇಟಾ. ನರ್ಸರಿ ಚೀಟಿಯಲ್ಲಿ ಎರಡೂ ಹೆಸರು ಸಿಗುತ್ತವೆ, ಗಿಡ ಒಂದೇ. ಮೂರ್ವಾ ಎಂದೂ ಕರೆಯುವ ನಮ್ಮ ನೆಲದ ನೆಂಟ ಬೇರೆ: ಸಾನ್ಸವೀರಿಯಾ ರಾಕ್ಸ್‌ಬರ್ಗಿಯಾನಾ. ಎಲೆ ಕಿರಿದು, ಒಳಮುಖವಾಗಿ ದೋಣಿಯಂತೆ ಮಡಿಚಿರುತ್ತದೆ. ದಕ್ಷಿಣದ ಒಣ ಕುರುಚಲು ಕಾಡುಗಳಲ್ಲಿ ಬೆಳೆಯುತ್ತದೆ. ಅದರ ನಾರು ಬಿಲ್ಲಿನ ಹೆದೆಗೆ ಹೆಸರುವಾಸಿ. ಉಪನಯನದಲ್ಲಿ ಕ್ಷತ್ರಿಯನ ಉಡಿದಾರ ಮೂರ್ವಾ ನಾರಿನದಿರಬೇಕೆಂದು ಮನುಸ್ಮೃತಿ ಹೇಳುತ್ತದೆ, ಹೆದೆಗೆ ಮೌರ್ವಿ ಎಂಬ ಹೆಸರೂ ಅಲ್ಲಿಂದಲೇ.

ನಾರು ತೆಗೆಯುವುದನ್ನು ಮನೆಯಲ್ಲೇ ಮಾಡಿ ನೋಡಬಹುದು. ಬಲಿತ ಎಲೆಯನ್ನು ಹಲಗೆಯ ಮೇಲೆ ಚಪ್ಪಟೆ ಇಟ್ಟು, ಮೊಂಡು ಚಾಕುವಿನ ಬೆನ್ನಿನಿಂದ ಬುಡದಿಂದ ತುದಿಗೆ ಒತ್ತಿ ಕೆರೆಯಬೇಕು. ಹಸಿರು ತಿರುಳು ಲೋಳೆಯಾಗಿ ಜಾರಿ, ಕೂದಲಿನಷ್ಟು ಸಪೂರ ಬಿಳಿ ಎಳೆಗಳು ಉಳಿಯುತ್ತವೆ. ತಕ್ಷಣ ತೊಳೆದು ನೆರಳಿನಲ್ಲಿ ಒಣಗಿಸಿ. ತೊಳೆಯದೆ ಬಿಟ್ಟರೆ ತಿರುಳು ಒಣಗಿ ಎಳೆಗಳೆಲ್ಲ ಅಂಟಿಕೊಂಡು ಕಂದಾಗುತ್ತವೆ. ಒಂದು ಕಿಲೋ ಹಸಿ ಎಲೆಗೆ ಸಿಗುವುದು ಇಪ್ಪತ್ತು ಮೂವತ್ತು ಗ್ರಾಂ ಅಷ್ಟೇ, ಆದರೆ ಗಟ್ಟಿತನಕ್ಕೆ ಎರಡು ಮಾತಿಲ್ಲ.

ಔಷಧಿಯ ಮೂರ್ವಾ ಯಾವುದೆಂಬುದರಲ್ಲೇ ವೈದ್ಯರಲ್ಲಿ ಏಕಮತವಿಲ್ಲ. ಬಂಗಾಳದ ಕಡೆ ಈ ರಾಕ್ಸ್‌ಬರ್ಗಿಯಾನಾ ಬಳಸಿದರೆ, ಕೇರಳದಲ್ಲಿ ಕೋನಿಮಾರ್ಫಾ ಎಂಬ ಬಳ್ಳಿ, ಭಾರತದ ಆಯುರ್ವೇದ ಔಷಧಕೋಶದಲ್ಲಿರುವುದು ಮಾರ್ಸ್ಡೀನಿಯಾ ಎಂಬ ಇನ್ನೊಂದು ಬಳ್ಳಿ. ಈ ಯಾವ ಪಟ್ಟಿಯಲ್ಲೂ ನಿಮ್ಮ ಆಫ್ರಿಕಾದ ಗಿಡ ಇಲ್ಲ. ಕಷಾಯ, ರಸ ಎಂದು ಅದನ್ನು ಸೇವಿಸಬೇಡಿ.

ಬೆಕ್ಕಿನ ಬಗ್ಗೆ: ಎಲೆಯಲ್ಲಿ ಸಪೋನಿನ್ ಎಂಬ ನೊರೆ ಬರುವ ಪದಾರ್ಥವಿದೆ. ಬೆಕ್ಕು, ನಾಯಿ ಜಗಿದರೆ ಜೊಲ್ಲು, ವಾಂತಿ, ಭೇದಿ ಆಗಬಹುದು. ಸಾಮಾನ್ಯವಾಗಿ ಪ್ರಾಣಕ್ಕೆ ಕುತ್ತಲ್ಲ, ಕಹಿ ರುಚಿಗೆ ಒಂದೆರಡು ಸಲ ಕಚ್ಚಿ ಬಿಡುವುದೇ ಹೆಚ್ಚು. ವಾಂತಿ ನಿಲ್ಲದಿದ್ದರೆ, ನೀರು ಕುಡಿಯದೆ ಮಂಕಾದರೆ ಪಶುವೈದ್ಯರಲ್ಲಿಗೆ ಒಯ್ಯಿರಿ, ಜಗಿದ ಎಲೆಯನ್ನೂ ಜೊತೆಗೆ ಕೊಂಡೊಯ್ಯಿರಿ. ಈಗ ಕೊಯ್ದು ಒಣಗಲು ಇಡುವ ತುಂಡುಗಳನ್ನು ಅದರ ಬಾಯಿಗೆ ಸಿಗದ ಎತ್ತರದಲ್ಲಿಡಿ. ಚಿಕ್ಕ ಮಕ್ಕಳಿದ್ದರೆ ಕೊಳವೆಯಂತಹ ಎಲೆಯ ‘ಸಿಲಿಂಡ್ರಿಕಾ’ ಜಾತಿಯನ್ನು ಕಣ್ಣಿನ ಮಟ್ಟದಲ್ಲಿ ಇಡಬಾರದು, ಅದರ ತುದಿ ಸೂಜಿಯಂತೆ ಚುಚ್ಚುತ್ತದೆ.

ಕೊಳೆತ ಭಾಗವನ್ನು ಒಣಗಿಸಿ ಹಸಿಕಸಕ್ಕೆ ಹಾಕಿ. ಗಟ್ಟಿ ಗೆಡ್ಡೆ ಹೆಚ್ಚಾಗಿ ಉಳಿದರೆ ಯಾರಿಗಾದರೂ ಕೊಡಿ, ಖಾಲಿ ನಿವೇಶನಕ್ಕೋ ಕೆರೆ ಏರಿಗೋ ಎಸೆಯಬೇಡಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲೂ ತೋಟದಿಂದ ಹೊರಬಿದ್ದ ಇದೇ ಗಿಡ ದಟ್ಟವಾಗಿ ಹಬ್ಬಿ ಕಳೆಯಾಗಿದೆ, ಗೆಡ್ಡೆಯ ಒಂದು ಚೂರು ಉಳಿದರೂ ಮತ್ತೆ ಚಿಗುರುತ್ತದೆ.